ಕಾಲೀ-ಪೀಲಿಯ ವಯರಿಂಗ್ ಪುರಾಣ

2023ರ ಅಕ್ಟೋಬರ್ 30ರಿಂದ ಮುಂಬಯಿಯ ರಸ್ತೆಗಳಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಇಲ್ಲ. ನಗರದಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಆಯುಸ್ಸು. ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ. ಅದರ ಅವಧಿ ಮುಗಿಯಿತು, ಗಾಡಿ ಹೋಯಿತು. ಅದರ ಜೊತೆಗೆ ಒಂದು ಕಸುಬಿನ ತಿಳಿವಳಿಕೆಯೂ ಹೊರಟುನಿಂತಿದೆ: ಡ್ಯಾಶ್‌ಬೋರ್ಡಿನ ಅಡಿಗೆ ತಲೆ ಹಾಕಿ, ವಯರುಗಳ ಗೋಜಲಿನಲ್ಲಿ ದೋಷವೆಲ್ಲಿದೆ ಎಂದು ಹುಡುಕುವ ತಿಳಿವಳಿಕೆ.

ಈ ಕಾರಿನ ಕತೆಯಲ್ಲಿ ಕನ್ನಡದ ಎಳೆಯೊಂದಿದೆ. ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿ, ಅದಕ್ಕಾಗಿ ಅಮೆರಿಕ, ಯುರೋಪು ಸುತ್ತಿ ಬಂದವರು ಸರ್ ಎಂ. ವಿಶ್ವೇಶ್ವರಯ್ಯ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆಗೂಡಿದರು. ಬ್ರಿಟಿಷ್ ಸರ್ಕಾರ ಮನಸ್ಸು ಮಾಡದೆ ಅದು ಆಗ ಕೈಗೂಡಲಿಲ್ಲ. 1944ರಲ್ಲಿ ವಾಲ್‌ಚಂದ್ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಕಟ್ಟಿದರು. ಕುರ್ಲಾದ ಕಾರ್ಖಾನೆಯಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ತಯಾರಾಯಿತು. ಅದಕ್ಕೆ ಪದ್ಮಿನಿ ಎಂಬ ಹೆಸರು ಬಿದ್ದದ್ದು 1970ರ ದಶಕದಲ್ಲಿ.

ಅಂದರೆ, ಇದು 1960ರ ದಶಕದ ಆರಂಭದ ಇಟಲಿಯ ಸಂಸಾರಸ್ಥರಿಗಾಗಿ ರೂಪಿಸಿದ ಕಾರು. ಅದರ ವಯರಿಂಗು ಹೊರಬೇಕಾಗಿದ್ದ ಭಾರ ಇಷ್ಟೇ: ಇಗ್ನಿಷನ್, ಸ್ಟಾರ್ಟರ್, ದೀಪಗಳು, ಹಾರ್ನ್, ವೈಪರ್. ಬ್ಯಾಟರಿಯ ಒಂದು ತುದಿಯಿಂದ ವಯರು ದೀಪಕ್ಕೆ ಹೋಗುತ್ತದೆ. ಹಿಂದಿರುಗಲು ಬೇರೆ ವಯರಿಲ್ಲ, ಕಾರಿನ ಉಕ್ಕಿನ ಮೈಯೇ ದಾರಿ. ತಾಮ್ರ ಉಳಿಸಲು ಎಲ್ಲ ಕಾರು ತಯಾರಕರೂ ಹಿಡಿದ ಉಪಾಯವಿದು. ಇದನ್ನೇ ಮೆಕ್ಯಾನಿಕ್ಕುಗಳು ಅರ್ಥಿಂಗ್ ಅನ್ನುತ್ತಾರೆ.

ಮುಂಬಯಿಯ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಕಚ್ಚಿದ್ದು ಈ ದಾರಿಯನ್ನೇ. ದೀಪದ ಬುಡದ ಸ್ಕ್ರೂ ತುಕ್ಕು ಹಿಡಿದರೆ ಏನಾಗುತ್ತದೆ ನೋಡಿ. 12 ವೋಲ್ಟಿನಲ್ಲಿ 60 ವ್ಯಾಟಿನ ಬಲ್ಬು 5 ಆಂಪಿಯರ್ ಎಳೆಯುತ್ತದೆ. ತುಕ್ಕು ಬರೀ ಅರ್ಧ ಓಮ್ ಅಡ್ಡಿ ಒಡ್ಡಿದರೂ ಬಲ್ಬಿಗೆ ಸಿಗುವುದು ಸುಮಾರು 10 ವೋಲ್ಟು. ಬೆಳಕು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗಿ ಉರಿಯುವ ವಿಚಿತ್ರವೂ ಇದರಿಂದಲೇ. ತನ್ನ ದಾರಿ ಮುಚ್ಚಿದ ವಿದ್ಯುತ್ತು ಪಕ್ಕದ ಬಲ್ಬಿನೊಳಗಿಂದ ನುಸುಳಿ ಮನೆ ಸೇರುತ್ತದೆ. ಅನನುಭವಿ ಇಂಡಿಕೇಟರ್ ಬಿಚ್ಚುತ್ತಾನೆ. ಅನುಭವಸ್ಥ ದೀಪದ ಲೋಹದ ಬುಡದಿಂದ ಬ್ಯಾಟರಿಯ ಮೈನಸ್ಸಿಗೆ ಒಂದು ತುಂಡು ವಯರು ಹಿಡಿದು ನೋಡುತ್ತಾನೆ. ಬೆಳಕು ಚೇತರಿಸಿಕೊಂಡರೆ ಬಲ್ಬೂ ಬೇಡ, ಸ್ವಿಚ್ಚೂ ಬೇಡ. ಸ್ಕ್ರೂ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿದರೆ ಆಯಿತು.

ಎರಡನೆಯ ತೊಂದರೆ ಡೈನಮೋ ಕಾಲದ್ದು. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಬ್ಯಾಟರಿಯನ್ನು ಸರಿಯಾಗಿ ತುಂಬಿಸದು. ಸಂಜೆಯ ಟ್ರಾಫಿಕ್ಕಿನಲ್ಲಿ ದೀಪ ಉರಿಸುತ್ತ ತೆವಳುವ ಟ್ಯಾಕ್ಸಿ ಬ್ಯಾಟರಿಯನ್ನೇ ತಿನ್ನುತ್ತಿತ್ತು. ಎಂಜಿನ್ ನಿಂತಾಗ ಡೈನಮೋ ಮತ್ತು ಬ್ಯಾಟರಿಯ ಸಂಪರ್ಕ ಬಿಡಿಸಬೇಕಾದ್ದು ಕಟೌಟ್. ಅದರ ಪಾಯಿಂಟುಗಳು ಅಂಟಿಕೊಂಡರೆ ಬ್ಯಾಟರಿ ರಾತ್ರಿಯಿಡೀ ಡೈನಮೋದೊಳಕ್ಕೆ ಸೋರಿ ಬೆಳಿಗ್ಗೆ ಸತ್ತಿರುತ್ತಿತ್ತು. ದಿನದ ದುಡಿಮೆಯಲ್ಲಿ ಬದುಕುವ ಚಾಲಕನಿಗೆ ಅದು ಬೆಳಗಿನ ಬಾಡಿಗೆಯ ನಷ್ಟ. ಮುಂದೆ ಆಲ್ಟರ್ನೇಟರ್ ಬಂದು ಈ ಕಾಟ ತಗ್ಗಿತು.

ಅಷ್ಟು ಹೊತ್ತಿಗೆ ಮೂರನೆಯದು ಬೆಳೆದಿತ್ತು. ಒಬ್ಬ ಮಾಲೀಕ ಟೇಪ್ ರೆಕಾರ್ಡರ್ ಹಾಕಿಸಿದ, ಇನ್ನೊಬ್ಬ ಪುಟ್ಟ ಫ್ಯಾನು. ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾದಾಗ ಗ್ಯಾಸಿನ ವಾಲ್ವಿಗೂ ಪೆಟ್ರೋಲ್-ಗ್ಯಾಸ್ ಸ್ವಿಚ್ಚಿಗೂ ವಯರು ಎಳೆದರು. ಆಮೇಲೆ ಎಲೆಕ್ಟ್ರಾನಿಕ್ ಮೀಟರು ಬಂತು. ಕಾರ್ಖಾನೆಯ ನಕ್ಷೆಯಲ್ಲಿ ಇದಾವುದೂ ಇಲ್ಲ. ಕೈಗೆ ಸಿಕ್ಕ ಬಣ್ಣದ ವಯರು, ಫ್ಯೂಸಿಲ್ಲದ ಜೋಡಣೆ, ಮೇಲೊಂದು ಸುತ್ತು ಕಪ್ಪು ಟೇಪು. ಹಳೆಯ ಪದ್ಮಿನಿಯ ವಯರಿಂಗ್ ಎಂದರೆ ಬೇರೆ ಬೇರೆ ಕಾಲದವರು ಬರೆದು, ಅಳಿಸಿ, ಮೇಲೆ ಮತ್ತೆ ಬರೆದ ಕಡತ.

ಅದನ್ನು ಓದಲು ಫುಟ್‌ಪಾತಿನ ಎಲೆಕ್ಟ್ರಿಷಿಯನ್ನನಿಗೆ ಬೇಕಾಗಿದ್ದದ್ದು ಹೋಲ್ಡರಿಗೆ ಎರಡು ವಯರು ಬೆಸೆದ ಬಲ್ಬು. ಎಲ್ಲ ಸ್ವಿಚ್ಚು ಆರಿಸಿ, ಬಾಗಿಲು ಮುಚ್ಚಿ, ಬ್ಯಾಟರಿಯ ಒಂದು ಟರ್ಮಿನಲ್ ಬಿಚ್ಚಿ, ಬಿಚ್ಚಿದ ಜಾಗದ ನಡುವೆ ಬಲ್ಬು ಸೇರಿಸುತ್ತಿದ್ದ. ಉರಿದರೆ ಎಲ್ಲೋ ಸೋರಿಕೆ ಇದೆ. ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋದರೆ, ಯಾವುದನ್ನು ಕಿತ್ತಾಗ ಬಲ್ಬು ಆರುತ್ತದೋ ಕಳ್ಳ ಆ ಸಾಲಿನಲ್ಲಿದ್ದಾನೆ. ಎಲ್ಲ ಕಿತ್ತರೂ ಉರಿಯುತ್ತಿದ್ದರೆ ಫ್ಯೂಸು ದಾಟದ ವಯರುಗಳನ್ನು ಹುಡುಕಬೇಕು: ಕಟೌಟಿನದು, ಇಲ್ಲವೇ ಯಾರೋ ನಡುವೆ ಸೇರಿಸಿದ್ದು. ಆಗ ಅವನು ಚಾಲಕನನ್ನು ಕೇಳುವ ಪ್ರಶ್ನೆ ಇತಿಹಾಸಕಾರನ ಪ್ರಶ್ನೆಯೇ: ಇತ್ತೀಚೆಗೆ ಏನು ಹಾಕಿಸಿದೆ? ಯಾರ ಕೈಲಿ?

ಇಂದಿನ ಕಾರಿಗೆ ಸ್ಕ್ಯಾನರ್ ಚುಚ್ಚಿದರೆ ದೋಷದ ಸಂಕೇತ ಪರದೆಯ ಮೇಲೆ ಬರುತ್ತದೆ. ಆದರೆ ಅರ್ಥಿಂಗ್ ಸಡಿಲವಾದರೆ ಆ ಪರದೆಯೂ ಸರಿಯಿರುವ ಸೆನ್ಸರಿನ ಮೇಲೆ ದೂರು ಹೇಳುವುದುಂಟು. ಸಂಕೇತವನ್ನಷ್ಟೇ ನಂಬಿದವನು ಬಿಡಿಭಾಗ ಬದಲಿಸುತ್ತ ಹೋಗುತ್ತಾನೆ, ಬಿಲ್ಲು ಬೆಳೆಯುತ್ತದೆ, ದೋಷ ಅಲ್ಲೇ ಇರುತ್ತದೆ. ಪದ್ಮಿನಿಯ ಜೊತೆ ನಾವು ಕಳೆದುಕೊಳ್ಳುತ್ತಿರುವುದು ಈ ವಿವೇಕ: ವಸ್ತುವನ್ನು ಬದಲಿಸುವ ಮೊದಲು ದಾರಿಯನ್ನು ನೋಡುವುದು.

ಊರಿನ ಕೊಟ್ಟಿಗೆಯಲ್ಲಿ ಅಪ್ಪನೋ ಮಾವನೋ ಓಡಿಸುತ್ತಿದ್ದ ಹಳೆಯ ಫಿಯಟ್ ಇನ್ನೂ ನಿಂತಿದ್ದರೆ, ಮುಂದಿನ ರಜೆಯಲ್ಲಿ ಹೊಸ ಬ್ಯಾಟರಿ ಕೊಳ್ಳುವ ಮೊದಲು ಅದರ ಅರ್ಥಿಂಗ್ ಬಿಚ್ಚಿ ಉಜ್ಜಿ ನೋಡಿ. ಹಾಗೇ, ಆ ಊರಲ್ಲಿ ಟೆಸ್ಟ್ ಲ್ಯಾಂಪ್ ಹಿಡಿದು ಕೆಲಸ ಮಾಡಿದ ಹಿರಿಯರಿದ್ದರೆ ಕರೆಸಿ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಿ. ಅವರಿಗೆ ಗೊತ್ತಿರುವ ಬಹಳಷ್ಟು ಎಲ್ಲೂ ಬರೆದಿಟ್ಟಿಲ್ಲ.