ಪಿಯುಸಿ ಕಾಂಬಿನೇಷನ್: ಯಾವುದು ತಗೊಂಡರೆ ಯಾವ ದಾರಿ ಮುಚ್ಚುತ್ತೆ?

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರ ಊರಿಂದ ನನಗೆ ಬರುವ ಫೋನ್‌ಗಳಲ್ಲಿ ಎರಡೇ ಪ್ರಶ್ನೆ ಇರುತ್ತವೆ. "ಇಷ್ಟು ಪರ್ಸೆಂಟಿಗೆ ಸೈನ್ಸ್ ಸಿಗುತ್ತಾ?" ಮತ್ತು "ಯಾವ ಕಾಲೇಜು ಒಳ್ಳೇದು?" ಸೈನ್ಸ್ ಬೇಕಾ ಅಂತ ಹುಡುಗೀನೇ ಕೇಳಿದ್ರಾ ಅಂದ್ರೆ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

ನನ್ನನ್ನೂ ಯಾರೂ ಕೇಳಿರಲಿಲ್ಲ. ಅಂಕ ಬಂದಿತ್ತು, ದೊಡ್ಡಪ್ಪನ ಮಗ ಓದಿದ್ದ, ಹಾಗಾಗಿ ನಾನೂ ಪಿಸಿಎಂಸಿ. ಇಂಜಿನಿಯರಿಂಗ್ ಮುಗಿಸಿ ಪತ್ರಿಕೋದ್ಯಮಕ್ಕೆ ಬಂದೆ. ಈ ಕೆಲಸಕ್ಕೆ ಪಿಯುಸಿಯಲ್ಲಿ ಏನು ಓದಿದ್ದೆ ಅಂತ ಯಾರೂ ಕೇಳಲಿಲ್ಲ, ಹಾಗಾಗಿ ನನಗೆ ನಷ್ಟ ಕಡಿಮೆ. ಆದರೆ ಅದೇ ಬೆಂಚಿನಲ್ಲಿ ಕೂತಿದ್ದ ಗೆಳೆಯನಿಗೆ ಎರಡನೇ ಪಿಯುಸಿಯ ಮಧ್ಯದಲ್ಲಿ ಡಾಕ್ಟರ್ ಆಗಬೇಕು ಅನ್ನಿಸಿತು. ಅವನು ಬಯಾಲಜಿ ಬಿಟ್ಟು ಕಂಪ್ಯೂಟರ್ ಸೈನ್ಸ್ ತಗೊಂಡಿದ್ದ. ಆಗಿನ ನಿಯಮದಲ್ಲಿ ಅವನಿಗೆ ದಾರಿ ಇರಲಿಲ್ಲ. ಹದಿನೈದನೇ ವಯಸ್ಸಿನಲ್ಲಿ ಅರ್ಜಿಯ ಒಂದು ಚೌಕದಲ್ಲಿ ಹಾಕಿದ ಟಿಕ್ ಮಾರ್ಕ್ ಅದನ್ನು ತೀರ್ಮಾನ ಮಾಡಿಬಿಟ್ಟಿತ್ತು.

"ಯಾವ ಕಾಂಬಿನೇಷನ್ ಬೆಸ್ಟ್" ಅನ್ನೋ ಪ್ರಶ್ನೆಗೆ ಉತ್ತರ ಇಲ್ಲ. "ಯಾವುದನ್ನು ಬಿಟ್ಟರೆ ಮುಂದೆ ವಾಪಸ್ ಬರೋಕೆ ಆಗಲ್ಲ" ಅನ್ನೋದಕ್ಕೆ ಸ್ಪಷ್ಟ ಉತ್ತರ ಇದೆ. ಈ ಲೇಖನ ಅದಕ್ಕಾಗಿ. ನಿಮ್ಮ ತಂಗಿಗೋ ತಮ್ಮನಿಗೋ ಪಕ್ಕದ ಮನೆ ಹುಡುಗನಿಗೋ ಬೇಕಾಗಬಹುದು, ಇಟ್ಟುಕೊಳ್ಳಿ.

ಮೊದಲು ಲೆಕ್ಕ: 2 ಭಾಷೆ, 4 ವಿಷಯ

ಕರ್ನಾಟಕದ ಪಿಯುಸಿಯಲ್ಲಿ 2 ಭಾಷೆ ಮತ್ತು 4 ಐಚ್ಛಿಕ ವಿಷಯ, ಒಟ್ಟು 600 ಅಂಕ. ಆ ನಾಲ್ಕು ವಿಷಯಗಳ ಗುಂಪೇ ಕಾಂಬಿನೇಷನ್. ಹೆಚ್ಚಾಗಿ ಸಿಗುವವು ಇವು:

- ವಿಜ್ಞಾನ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಇದ್ದು, ನಾಲ್ಕನೆಯದು ಜೀವಶಾಸ್ತ್ರವಾದರೆ ಪಿಸಿಎಂಬಿ, ಕಂಪ್ಯೂಟರ್ ಸೈನ್ಸ್ ಆದರೆ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಆದರೆ ಪಿಸಿಎಂಇ.
- ವಾಣಿಜ್ಯ: ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರದ ಜೊತೆ ಇತಿಹಾಸ ಸೇರಿದರೆ ಹೆಚ್ಇಬಿಎ, ಸಂಖ್ಯಾಶಾಸ್ತ್ರವಾದರೆ ಎಸ್ಇಬಿಎ, ಕಂಪ್ಯೂಟರ್ ಆದರೆ ಸಿಇಬಿಎ.
- ಕಲೆ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಇರುವ ಹೆಚ್ಇಪಿಎಸ್ ಎಲ್ಲ ಕಡೆ ಇದೆ. ಐಚ್ಛಿಕ ಕನ್ನಡ, ಮನಶ್ಶಾಸ್ತ್ರ ಇರುವ ಗುಂಪುಗಳು ಕೆಲವು ಕಾಲೇಜುಗಳಲ್ಲಿ ಮಾತ್ರ.

ಬೀಗ ಬೀಳೋದು ಎರಡೇ ಕಡೆ

ಗಣಿತ ಮತ್ತು ಜೀವಶಾಸ್ತ್ರ. ಪಿಯುಸಿ ನಂತರ ಮುಚ್ಚಿಹೋಗುವ ದಾರಿಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದನ್ನು ಬಿಟ್ಟಿದ್ದರಿಂದ ಮುಚ್ಚಿರುತ್ತವೆ. ಇತಿಹಾಸ, ರಾಜ್ಯಶಾಸ್ತ್ರ, ಪತ್ರಿಕೋದ್ಯಮ, ಕಾನೂನು ಇವಕ್ಕೆ ಸೈನ್ಸ್ ಓದಿದವರೂ ಬರಬಹುದು. ಆ ಕಡೆಯಿಂದ ಈ ಕಡೆಗೆ ಬರೋಕಾಗಲ್ಲ.

- ಇಂಜಿನಿಯರಿಂಗ್: ಭೌತಶಾಸ್ತ್ರ, ಗಣಿತ ಕಡ್ಡಾಯ. ಮೂರನೆಯದಾಗಿ ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್‌ಗಳಲ್ಲಿ ಒಂದು. ಈ ಮೂರರಲ್ಲಿ ಒಟ್ಟು ಶೇ 45, ಮೀಸಲಾತಿ ವರ್ಗಗಳಿಗೆ ಶೇ 40 ಅಂಕ ಬೇಕು.
- ಎಂಬಿಬಿಎಸ್, ದಂತವೈದ್ಯ, ಆಯುರ್ವೇದ: ಭೌತ, ರಸಾಯನ, ಜೀವಶಾಸ್ತ್ರ ಮತ್ತು ನೀಟ್. ಗಣಿತ ಬೇಡ.
- ಬಿಎಸ್ಸಿ ನರ್ಸಿಂಗ್: ಜೀವಶಾಸ್ತ್ರ ಬೇಕು. ಆದರೆ ಜಿಎನ್‌ಎಂ ಡಿಪ್ಲೊಮಾಗೆ ಆರ್ಟ್ಸ್, ಕಾಮರ್ಸ್‌ನವರೂ ಹೋಗಬಹುದು. ಇದು ಹಳ್ಳಿಗಳಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.
- ಬಿಎಸ್ಸಿ ಕೃಷಿ: ಕೆಸಿಇಟಿ ಮೂಲಕವಾದರೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕೂ ಬರೆಯಬೇಕು. ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಅದೇ ರೈತರ ಮಕ್ಕಳು ಪಿಸಿಎಂಸಿ ತಗೊಂಡು ಇದನ್ನು ಕಳಕೊಳ್ಳೋದು ಮಾಮೂಲು.
- ಬಿ ಫಾರ್ಮಾ: ಭೌತ, ರಸಾಯನದ ಜೊತೆ ಗಣಿತವೋ ಜೀವಶಾಸ್ತ್ರವೋ ಒಂದಿದ್ದರೆ ಸಾಕು.
- ಎನ್‌ಡಿಎ: ಭೂಸೇನೆಗೆ ಯಾವ ವಿಭಾಗವಾದರೂ ಸರಿ. ನೌಕಾಪಡೆ, ವಾಯುಪಡೆಗೆ ಭೌತ, ರಸಾಯನ, ಗಣಿತ ಬೇಕು. ಹುಡುಗಿಯರೂ ಬರೆಯಬಹುದು.
- ಕಾನೂನು, ಐದು ವರ್ಷದ್ದು: ಯಾವ ವಿಭಾಗವಾದರೂ ಸರಿ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ ಕ್ಲಾಟ್ ಬರೆಯಬೇಕು, ಆ ಪರೀಕ್ಷೆ ಇಂಗ್ಲಿಷ್‌ನಲ್ಲಿ ಮಾತ್ರ.
- ಸಿಎ: ಯಾವ ವಿಭಾಗವಾದರೂ ಸರಿ. ಫೌಂಡೇಷನ್‌ನಲ್ಲಿ ಲೆಕ್ಕಶಾಸ್ತ್ರ ಇರೋದರಿಂದ ಕಾಮರ್ಸ್‌ನವರಿಗೆ ಶುರುವಾತು ಸುಲಭ, ಅಷ್ಟೇ.
- ಐಎಎಸ್, ಕೆಎಎಸ್: ಯಾವುದಾದರೂ ಒಂದು ಪದವಿ. ಪಿಯುಸಿ ಕಾಂಬಿನೇಷನ್ನಿಗೂ ಇದಕ್ಕೂ ಸಂಬಂಧ ಇಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಹೇಳಲೇಬೇಕು. ಕಂಪ್ಯೂಟರ್ ಇಂಜಿನಿಯರ್ ಆಗಬೇಕಾದರೆ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿರಬೇಕಾಗಿಲ್ಲ. ನನ್ನ ಇಂಜಿನಿಯರಿಂಗ್ ಕ್ಲಾಸಿನಲ್ಲಿ ಪಿಸಿಎಂಬಿ ಓದಿ ಬಂದವರು ಬೇಕಾದಷ್ಟು ಜನ ಇದ್ದರು, ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಅವರೂ ನಾವೂ ಒಂದೇ. ವಿಜ್ಞಾನದಲ್ಲಿ ಇನ್ನೂ ಏನೂ ತೀರ್ಮಾನವಾಗದವರಿಗೆ ಹೆಚ್ಚು ದಾರಿ ಉಳಿಸುವುದು ಪಿಸಿಎಂಬಿ. ಆದರೆ ಅದರ ಭಾರವೂ ಹೆಚ್ಚು. ಜೀವಶಾಸ್ತ್ರದ ಹೆಸರು ಕೇಳಿದರೇ ಆಗಲ್ಲ ಅನ್ನೋರು "ದಾರಿ ಇರಲಿ" ಅಂತ ಅದನ್ನು ತಗೊಂಡು ಎಲ್ಲದರಲ್ಲೂ ಅಂಕ ಕಳಕೊಳ್ಳುವುದು ಬೇಡ. ಅಂಕ ಇಲ್ಲದಿದ್ದರೆ ದಾರಿ ತೆರೆದಿದ್ದೂ ಪ್ರಯೋಜನವಿಲ್ಲ.

ಕಾಮರ್ಸ್, ಆರ್ಟ್ಸ್‌ನವರು ಗಮನಿಸಬೇಕಾದ್ದು

ಕಾಮರ್ಸ್‌ನಲ್ಲಿ ಮೂರು ವಿಷಯ ಹೇಗೂ ಒಂದೇ, ನಾಲ್ಕನೆಯದರ ಬಗ್ಗೆ ಯಾರೂ ಯೋಚಿಸಲ್ಲ. ಗಣಿತದ ಭಯ ಇಲ್ಲದಿದ್ದರೆ ಸಂಖ್ಯಾಶಾಸ್ತ್ರವೋ ಬೇಸಿಕ್ ಮ್ಯಾಥ್ಸೋ ಇರುವ ಗುಂಪು ನೋಡಿ. ಬಿಸಿಎ ಪ್ರವೇಶಕ್ಕೆ ಯಾವ ವಿಷಯ ಬೇಕು ಅನ್ನೋದು ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ, ಗಣಿತದ ಹಿನ್ನೆಲೆ ಇದ್ದವರಿಗೆ ಎಲ್ಲೂ ತೊಂದರೆ ಇಲ್ಲ. ದೆಹಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಆನರ್ಸ್‌ಗೆ 12ನೇ ತರಗತಿಯ ಗಣಿತ ಕಡ್ಡಾಯ. ಅರ್ಥಶಾಸ್ತ್ರಜ್ಞರಾಗಬೇಕು, ಬಜೆಟ್ ಓದಿ ಬರೆಯಬೇಕು ಅಂತ ಆಸೆ ಇರುವ ಹುಡುಗರು ಪಿಯುಸಿಯಲ್ಲಿ ಗಣಿತ ಬಿಟ್ಟು ಆಮೇಲೆ ಇದನ್ನು ತಿಳ್ಕೋತಾರೆ.

ಆರ್ಟ್ಸ್ ಬಗ್ಗೆ ಮಾತೇ ಬೇರೆ. "ಕಡಿಮೆ ಅಂಕ ಬಂದವರಿಗೆ ಆರ್ಟ್ಸ್" ಅನ್ನೋದು ನಮ್ಮ ಸಮಾಜ ಮಾಡಿಕೊಂಡ ರ‍್ಯಾಂಕಿಂಗ್, ಯಾವ ಸರ್ಕಾರಿ ಆದೇಶದಲ್ಲೂ ಇಲ್ಲ. ವಕೀಲರು, ಮೇಷ್ಟ್ರು, ಆಡಳಿತಗಾರರು, ಪತ್ರಕರ್ತರು, ಸಂಶೋಧಕರು ಆಗಲು ಇದು ನೇರ ದಾರಿ. ಶಿಕ್ಷಕರಾಗಬೇಕು ಅನ್ನೋರು ಒಂದು ಎಚ್ಚರ ವಹಿಸಬೇಕು: ನೇಮಕಾತಿಯಲ್ಲಿ ಪದವಿಯಲ್ಲಿ ಓದಿದ ವಿಷಯಗಳು ಲೆಕ್ಕಕ್ಕೆ ಬರುತ್ತವೆ, ಆದ್ದರಿಂದ ಕಾಂಬಿನೇಷನ್ ಯೋಚನೆ ಬಿಎ, ಬಿಎಸ್ಸಿಗೂ ಮುಂದುವರಿಯಬೇಕು.

ಯಾವ ಅಂಕ ಎಲ್ಲಿ ಲೆಕ್ಕಕ್ಕೆ?

ಕೆಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅರ್ಧ ಭಾಗ ಸಿಇಟಿ ಅಂಕ, ಇನ್ನರ್ಧ ಎರಡನೇ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ. ಹಾಗಾಗಿ ಬೋರ್ಡ್ ಪರೀಕ್ಷೆ ಬಿಟ್ಟು ಬರೀ ಕೋಚಿಂಗ್ ಹಿಂದೆ ಓಡಿದರೆ ಅರ್ಧ ರ‍್ಯಾಂಕ್ ಹೋಯ್ತು. ಕೆಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯಲ್ಲ. ನೀಟ್‌ನಲ್ಲಿ ಕಳೆಯುತ್ತಾರೆ. ನೀಟ್‌ಗೆ ಪಿಯುಸಿ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕ್‌ಗೆ ಇಲ್ಲ. ಸುರತ್ಕಲ್ ಎನ್‌ಐಟಿಯಂಥ ಕಡೆ ಜೆಇಇ ರ‍್ಯಾಂಕ್ ಜೊತೆಗೆ ಪಿಯುಸಿಯಲ್ಲಿ ಶೇ 75 ಇರಬೇಕು, ಅಥವಾ ಬೋರ್ಡ್‌ನ ಮೇಲಿನ ಶೇ 20ರೊಳಗೆ ಬರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 65.

ನೀಟ್, ಜೆಇಇ ಮೇನ್, ಕೇಂದ್ರೀಯ ವಿಶ್ವವಿದ್ಯಾಲಯಗಳ ಸಿಯುಇಟಿ ಮೂರನ್ನೂ ಕನ್ನಡದಲ್ಲಿ ಬರೆಯುವ ಅವಕಾಶ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇದನ್ನು ಬಳಸಿಕೊಳ್ಳುವುದು ಕಡಿಮೆ, ಯಾಕೆಂದರೆ ಕೋಚಿಂಗ್ ಪುಸ್ತಕಗಳೆಲ್ಲ ಇಂಗ್ಲಿಷ್‌ನಲ್ಲಿ.

ಕೆಇಎ ಸೀಟು ಹಂಚಿಕೆಯಲ್ಲಿ 1ರಿಂದ 10ನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಇದೆ. ಲೆಕ್ಕ 10ನೇ ತರಗತಿಗೆ ಮುಗಿಯುತ್ತದೆ. ಪಿಯುಸಿಗೆ ಪೇಟೆಗೆ ಬಂದರೆ, ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದರೆ ಇದು ತಪ್ಪಿಹೋಗಲ್ಲ. ಬೀದರ್‌ನಿಂದ ಬಳ್ಳಾರಿವರೆಗಿನ ಏಳು ಕಲ್ಯಾಣ ಕರ್ನಾಟಕ ಜಿಲ್ಲೆಗಳವರಿಗೆ 371 ಜೆ ಅಡಿ ಆ ಭಾಗದ ಸಂಸ್ಥೆಗಳಲ್ಲಿ ಶೇ 70, ಉಳಿದ ಕಡೆ ಶೇ 8 ಸೀಟುಗಳಿವೆ. ಪ್ರಮಾಣಪತ್ರಗಳನ್ನು ಈಗಲೇ ಮಾಡಿಸಿಡಿ. ಸಿಇಟಿ ಅರ್ಜಿಯ ಕೊನೇ ದಿನ ತಹಶೀಲ್ದಾರ್ ಕಚೇರಿ ಮುಂದೆ ನಿಲ್ಲುವುದು ಬೇಡ.

ಆಯ್ಕೆ ನಿಜವಾಗಿ ಯಾರದು?

ಮೇಲಿನದೆಲ್ಲ ಓದಿ "ಸರಿ, ಪಿಸಿಎಂಬಿ ತಗೊಳ್ಳೋಣ" ಅಂತ ನಿರ್ಧರಿಸಿದ ಹುಡುಗಿ ಹೋಬಳಿ ಕೇಂದ್ರದ ಸರ್ಕಾರಿ ಕಾಲೇಜಿಗೆ ಹೋದರೆ ಅಲ್ಲಿ ಇರೋದು ಹೆಚ್ಇಪಿಎಸ್, ಹೆಚ್ಇಬಿಎ ಮಾತ್ರ ಅಂದ್ಕೊಳ್ಳಿ. ವಿಜ್ಞಾನ ಇರುವ ಕಾಲೇಜು ತಾಲ್ಲೂಕು ಪೇಟೆಯಲ್ಲಿ. ಬಸ್ಸು ಬೆಳಗ್ಗೆ ಒಂದು, ಸಂಜೆ ಒಂದು. ಲ್ಯಾಬ್ ಮುಗಿಯೋದು ಸಂಜೆ ಬಸ್ಸು ಹೋದಮೇಲೆ. ಮನೆಯಲ್ಲಿ ಅಣ್ಣನಿಗಾದರೆ ಹಾಸ್ಟೆಲ್, ಅವಳಿಗಾದರೆ "ಇಲ್ಲೇ ಯಾವುದಾದರೂ ಓದಲಿ." ಅವಳ ಕಾಂಬಿನೇಷನ್ ಆಯ್ಕೆ ಮಾಡಿದ್ದು ಬಸ್ಸಿನ ವೇಳಾಪಟ್ಟಿ ಮತ್ತು ಅಪ್ಪ.

ಇನ್ನೊಂದು ಕಡೆ, ದುಡ್ಡಿರುವವರ ಮಕ್ಕಳು ಲಕ್ಷಗಟ್ಟಲೆ ಕಟ್ಟಿ ಕೋಚಿಂಗ್ ಸೇರಿಸಿಕೊಂಡ ವಸತಿ ಕಾಲೇಜುಗಳಲ್ಲಿ ಓದುತ್ತಾರೆ. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ಕಾಲೇಜಿನಿಂದ ಬಂದವರೂ ಅದೇ ರ‍್ಯಾಂಕ್ ಪಟ್ಟಿಯಲ್ಲಿ ಇವರ ಜೊತೆ ನಿಲ್ಲಬೇಕು. ಇದನ್ನು ನಾವು ಮೆರಿಟ್ ಅಂತ ಕರೀತೀವಿ. ಮೀಸಲಾತಿ ಚರ್ಚೆಯಲ್ಲಿ ಮೆರಿಟ್ ಬಗ್ಗೆ ವಾದ ಮಾಡುವವರು 15ನೇ ವಯಸ್ಸಿನ ಈ ಹಂತವನ್ನು ಒಮ್ಮೆ ನೋಡಬೇಕು. ಸ್ಪರ್ಧೆ ಶುರುವಾಗುವ ಮೊದಲೇ ಎಷ್ಟೋ ಜನ ಅದರಿಂದ ಹೊರಗಿರುತ್ತಾರೆ.

ಮೇಲಿನಿಂದ ನೀತಿ ಬದಲಾಗುತ್ತಲೇ ಇದೆ. ಕರ್ನಾಟಕ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ತಂದಿತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಎರಡೂ ಸಲ ಟಿವಿಯಲ್ಲಿ ಚರ್ಚೆ ಜೋರಾಗಿಯೇ ನಡೆಯಿತು. ಹೋಬಳಿ ಕಾಲೇಜಿನಲ್ಲಿ ಗಣಿತ ಕಲಿಸೋರು ಇದ್ದಾರಾ ಅನ್ನೋದು ಎರಡೂ ಸಲ ಚರ್ಚೆಗೆ ಬರಲಿಲ್ಲ.

ಈಗಾಗಲೇ ತಪ್ಪಾಗಿದ್ದರೆ?

- ಮೊದಲ ಪಿಯುಸಿಯ ಶುರುವಿನಲ್ಲೇ ಇದ್ದರೆ ಪ್ರಾಂಶುಪಾಲರನ್ನು ತಕ್ಷಣ ಕೇಳಿ. ಕಾಂಬಿನೇಷನ್ ಬದಲಾವಣೆಗೆ ಇಲಾಖೆ ದಿನಾಂಕ ಕೊಡುತ್ತದೆ, ಅದು ದಾಟಿದರೆ ಕಷ್ಟ.
- 12ನೇ ತರಗತಿ ನಂತರ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರಿಗೂ ನೀಟ್ ಬರೆಯಲು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ದಾರಿ ಮಾಡಿಕೊಟ್ಟಿತು. ನನ್ನ ಗೆಳೆಯನಿಗೆ ಇದು ಸುಮಾರು ಹದಿನೈದು ವರ್ಷ ತಡ. ನಿಮಗೆ ತಡ ಆಗಿಲ್ಲ.
- ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದ್ರೆ ಎನ್‌ಐಒಎಸ್‌ನಲ್ಲಿ ಒಂದೊಂದೇ ವಿಷಯಕ್ಕೂ ಪ್ರವೇಶ ಪಡೆಯಬಹುದು.
- ಐಐಟಿ ಮದ್ರಾಸ್‌ನ ಡೇಟಾ ಸೈನ್ಸ್ ಬಿಎಸ್ ಪದವಿಗೆ 12ರಲ್ಲಿ ಯಾವ ವಿಭಾಗವಾದರೂ ಸರಿ, 10ನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಸಾಕು. ಅರ್ಹತಾ ಪರೀಕ್ಷೆ ಪಾಸಾಗಬೇಕು.
- ಪಿಯುಸಿಯೇ ಬೇಡ ಅನ್ನಿಸಿದರೆ ಎಸ್‌ಎಸ್‌ಎಲ್‌ಸಿ ನಂತರ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಮುಗಿಸಿ ಡಿಸಿಇಟಿ ಬರೆದರೆ ನೇರ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ.

ಅರ್ಜಿ ತುಂಬುವ ಮೊದಲು

ಹುಡುಗ ಅಥವಾ ಹುಡುಗಿಯನ್ನೇ ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ. ಯಾವ ವಿಷಯದ ಪುಸ್ತಕ ಹೇಳಿಸಿಕೊಳ್ಳದೆ ತೆರೀತೀಯ? ಗಣಿತ ಬಿಟ್ಟರೆ, ಜೀವಶಾಸ್ತ್ರ ಬಿಟ್ಟರೆ ಏನು ಹೋಗುತ್ತೆ ಅಂತ ಗೊತ್ತಾ? ಸೇರಬೇಕು ಅಂದ್ಕೊಂಡ ಕಾಲೇಜಿನಲ್ಲಿ ಆ ವಿಷಯಕ್ಕೆ ಖಾಯಂ ಉಪನ್ಯಾಸಕರು, ಲ್ಯಾಬ್ ಇದೆಯಾ? ಈ ವರ್ಷದ ಕೆಇಎ ಮಾಹಿತಿ ಪುಸ್ತಕ ನೋಡಿದೀಯ? ನಿಯಮಗಳು ವರ್ಷವರ್ಷ ಸ್ವಲ್ಪ ಬದಲಾಗುತ್ತವೆ, ಆದ್ದರಿಂದ ಕೊನೇದನ್ನು ಬಿಡಬೇಡಿ.

ಇನ್ನು ನಿಮಗೆ, ಅಂದ್ರೆ ರಾಜಕೀಯದ ಬಗ್ಗೆ ದಿನಾ ಪೋಸ್ಟ್ ಹಾಕುವ ನಮಗೆಲ್ಲ ಒಂದು ಕೆಲಸ. ಸರ್ಕಾರಿ ಪಿಯು ಕಾಲೇಜಿಗೆ ಅಭಿವೃದ್ಧಿ ಸಮಿತಿ ಇರುತ್ತದೆ, ಅದರ ಅಧ್ಯಕ್ಷರು ನಿಮ್ಮ ಕ್ಷೇತ್ರದ ಶಾಸಕರು. ಊರಿನ ಕಾಲೇಜಿನಲ್ಲಿ ಸೈನ್ಸ್ ಯಾಕಿಲ್ಲ, ಗಣಿತದ ಹುದ್ದೆ ಎಷ್ಟು ವರ್ಷದಿಂದ ಖಾಲಿ ಅಂತ ಅವರಿಗೆ ಒಂದು ಅರ್ಜಿ ಬರೆಯಿರಿ. ಉತ್ತರ ಬರದಿದ್ದರೆ ಆರ್‌ಟಿಐ ಹಾಕಿ, 10 ರೂಪಾಯಿ ಖರ್ಚು. ನಿಮ್ಮ ತಂಗಿಗೆ ಸರಿಯಾದ ಕಾಂಬಿನೇಷನ್ ಹುಡುಕಿಕೊಟ್ಟ ದಿನವೇ ಇದನ್ನೂ ಮಾಡಿ. ಮುಂದಿನ ವರ್ಷ ಪಕ್ಕದ ಮನೆ ಹುಡುಗಿಯ ಸರದಿ.