ಮಾಂಟೆ ಬೆಲ್ಲೊ ಬೆಟ್ಟದ ಕೆಂಪು ವೈನ್

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣಕ್ಕೆ, ಶಾಂತಸಾಗರಕ್ಕೂ ಒಳನಾಡಿನ ಕಣಿವೆಗೂ ನಡುವೆ, ಸಾಂತಾ ಕ್ರೂಜ್ ಬೆಟ್ಟಸಾಲು ಹಬ್ಬಿದೆ. ಅದರ ಒಂದು ಏಣಿಗೆ ಮಾಂಟೆ ಬೆಲ್ಲೊ ಎಂದು ಹೆಸರು. ಇಂದು ನಮ್ಮವರು ಅನೇಕರು ಮನೆ ಮಾಡಿಕೊಂಡಿರುವ ಕ್ಯುಪರ್ಟಿನೊ ಅದರ ತಪ್ಪಲಲ್ಲೇ ಇದೆ.

1885ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ವೈದ್ಯರಾಗಿದ್ದ ಇಟಲಿಯ ಒಸೀಯಾ ಪೆರೋನೆ ಈ ಬೆಟ್ಟದ ನೆತ್ತಿಯ ಬಳಿ 180 ಎಕರೆ ಕೊಂಡರು. ಇಳಿಜಾರನ್ನು ಹಂತಹಂತವಾಗಿ ಕಡಿಸಿ ದ್ರಾಕ್ಷಿಬಳ್ಳಿ ನೆಡಿಸಿದರು. ಬೆಟ್ಟದ ಸುಣ್ಣಕಲ್ಲಿನಿಂದಲೇ ವೈನರಿ ಕಟ್ಟಿಸಿದರು. 1892ರಲ್ಲಿ ಮೊದಲ ಸುಗ್ಗಿಯ ವೈನ್ ಸಿದ್ಧವಾಯಿತು.

ಆ ಕಲ್ಲಿನ ವಿಷಯ ಹೇಳದೆ ಮುಂದೆ ಸಾಗುವಂತಿಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಸಾಗರದ ತಳದಲ್ಲಿ ರೂಪುಗೊಂಡ ಸುಣ್ಣಕಲ್ಲು ಭೂಫಲಕಗಳ ತಳ್ಳಾಟದಲ್ಲಿ ನೆಲಕ್ಕೇರಿ ಇಲ್ಲಿ ನಿಂತಿದೆ. ಸ್ಯಾನ್ ಆಂಡ್ರಿಯಸ್ ಬಿರುಕು ಬೆಟ್ಟದ ಪಶ್ಚಿಮ ಮಗ್ಗುಲಲ್ಲೇ ಹಾದುಹೋಗುತ್ತದೆ. ಕ್ಯಾಲಿಫೋರ್ನಿಯಾದ ದ್ರಾಕ್ಷಿ ಸೀಮೆಯಲ್ಲಿ ಸುಣ್ಣಕಲ್ಲು ಅಪರೂಪ. ತೋಟಗಳು ಸುಮಾರು 1300 ಅಡಿಯಿಂದ 2700 ಅಡಿಯವರೆಗೆ ಏರುತ್ತವೆ. ಕಡಲ ಗಾಳಿ ಅವನ್ನು ತಂಪಾಗಿಡುತ್ತದೆ. ಬಡ ಮಣ್ಣಿನ ಬಳ್ಳಿ ಕೊಡುವುದು ಕೆಲವೇ ಗೊಂಚಲು. ಅವು ನಿಧಾನವಾಗಿ ಮಾಗುತ್ತವೆ, ಹುಳಿಯನ್ನು ಬಿಟ್ಟುಕೊಡುವುದಿಲ್ಲ. ಕೆಂಪು ವೈನಿಗೆ ದಶಕಗಳ ಆಯುಸ್ಸು ಕೊಡುವುದರಲ್ಲಿ ಈ ಹುಳಿಯ ಪಾಲು ದೊಡ್ಡದು.

1920ರಲ್ಲಿ ಅಮೆರಿಕದಾದ್ಯಂತ ಪಾನನಿಷೇಧ ಜಾರಿಗೆ ಬಂತು. 1933ರಲ್ಲಿ ಅದು ತೆರವಾಗುವಷ್ಟರಲ್ಲಿ ಬೆಟ್ಟದ ವೈಭವ ಮಾಸಿತ್ತು. ತೋಟಗಳು ಒಂದೊಂದಾಗಿ ಪಾಳುಬಿದ್ದವು.

1940ರ ದಶಕದಲ್ಲಿ ವಿಲಿಯಂ ಶಾರ್ಟ್ ಎಂಬ ಧರ್ಮಶಾಸ್ತ್ರಜ್ಞರು ಪೆರೋನೆ ಭೂಮಿಯ ಕೆಳಗಿದ್ದ ಒಂದು ಪಾಳು ತೋಟವನ್ನು ಕೊಂಡು ಕ್ಯಾಬರ್ನೆ ಸೊವಿನ್ಯೋ ತಳಿಯನ್ನು ನೆಟ್ಟರು. ನನ್ನ ಎಣಿಕೆಯಲ್ಲಿ ಈ ಕಥೆಯ ದೊಡ್ಡ ಉಪಕಾರ ಅವರದು. ಆ ಬಳ್ಳಿಗಳಿಲ್ಲದಿದ್ದರೆ ಮುಂದೆ ಬಂದವರಿಗೆ ಬೆಟ್ಟದ ಶಕ್ತಿಯನ್ನು ಕಾಣಿಸುವವರೇ ಇರುತ್ತಿರಲಿಲ್ಲ.

ಮುಂದೆ ಬಂದವರು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು: ಡೇವ್ ಬೆನಿಯನ್, ಹ್ಯೂ ಕ್ರೇನ್, ಹೊವಾರ್ಡ್ ಝೈಡ್ಲರ್ ಮತ್ತು ಚಾರ್ಲ್ಸ್ ರೋಸನ್. ತನ್ನ ದಾರಿಯನ್ನು ತಾನೇ ಲೆಕ್ಕಹಾಕಿ ಚಲಿಸುವ 'ಶೇಕಿ' ಯಂತ್ರಮಾನವ ರೂಪುಗೊಂಡ ಪ್ರಯೋಗಾಲಯವನ್ನು ಮುಂದೆ ಕಟ್ಟಿದವರು ಇದೇ ರೋಸನ್. 1959ರಲ್ಲಿ ಶಾರ್ಟ್ ಅವರ ತೋಟ ಇವರ ಕೈಸೇರಿತು. ಅದೇ ವರ್ಷ ಕಾಲು ಪೀಪಾಯಿಯಷ್ಟು ವೈನ್ ಮಾಡಿ ರುಚಿ ನೋಡಿದರು. ಆ ರುಚಿ ಅವರ ಬಾಳನ್ನೇ ತಿರುಗಿಸಿತು. ಪರವಾನಗಿ ಪಡೆದು 1962ರ ಸುಗ್ಗಿಗೆ ವೈನರಿ ತೆರೆದರು, ಅದಕ್ಕೆ ರಿಡ್ಜ್ ಎಂದು ಹೆಸರಿಟ್ಟರು. ವಾರದ ರಜೆಗಳಲ್ಲಿ ಮಡದಿ ಮಕ್ಕಳ ಸಮೇತ ಬೆಟ್ಟವೇರಿ ದುಡಿದರು.

1969ರಲ್ಲಿ ಪಾಲ್ ಡ್ರೇಪರ್ ರಿಡ್ಜ್‌ಗೆ ವೈನ್ ತಯಾರಕರಾಗಿ ಬಂದರು. ಅವರು ಓದಿದ್ದು ತತ್ತ್ವಶಾಸ್ತ್ರ. ವೈನ್ ಮಾಡಿ ಕಲಿತದ್ದು ಚಿಲಿಯಲ್ಲಿ. ಹಣ್ಣಿನ ಜೊತೆ ತೋಟದಿಂದ ಬರುವ ಯೀಸ್ಟೇ ರಸವನ್ನು ಹುದುಗಿಸಲಿ, ಮನುಷ್ಯನ ಕೈ ಆದಷ್ಟು ಕಡಿಮೆ ಸೋಕಲಿ ಎಂಬುದು ಅವರ ನಿಷ್ಠೆ. ಫ್ರಾನ್ಸಿನ ಬೋರ್ಡೊ ಸೀಮೆಯ ಮಾದರಿಯ ವೈನನ್ನು ಆ ದೇಶದ ಓಕ್ ಪೀಪಾಯಿಯಲ್ಲೇ ಇಡಬೇಕೆಂದು ಲೋಕ ನಂಬಿದ್ದಾಗ ಅವರು ಗಾಳಿಯಲ್ಲಿ ಒಣಗಿಸಿದ ಅಮೆರಿಕದ ಓಕ್ ಅನ್ನು ಆರಿಸಿದರು. ಪೆರೋನೆ ಕಟ್ಟಿಸಿದ್ದ ಕಲ್ಲಿನ ವೈನರಿಯೂ ಜೀರ್ಣೋದ್ಧಾರಗೊಂಡಿತು.

1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಅವರು ಫ್ರೆಂಚ್ ಪರಿಣತರ ಮುಂದೆ ಹೆಸರು ಮರೆಸಿದ ಬಾಟಲಿಗಳನ್ನು ಇಟ್ಟರು. ಕೆಂಪು ವೈನಿನ ಮೊದಲ ಸ್ಥಾನ ನಾಪಾ ಕಣಿವೆಯ ಸ್ಟ್ಯಾಗ್ಸ್ ಲೀಪ್‌ಗೆ ಹೋಯಿತು. ರಿಡ್ಜ್‌ನ 1971ರ ಸುಗ್ಗಿಯ ಮಾಂಟೆ ಬೆಲ್ಲೊ ವೈನ್ ಐದನೆಯದಾಯಿತು. ಕ್ಯಾಲಿಫೋರ್ನಿಯಾದ ವೈನ್ ಎಳೆಯದಿರುವಾಗ ಮಿಂಚುತ್ತದೆ, ಬೋರ್ಡೊದಂತೆ ಬಾಳಲಾರದು ಎಂದು ಫ್ರಾನ್ಸಿನವರು ವಾದಿಸಿದರು. ಅದಕ್ಕೆ ಉತ್ತರ ಕೊಡಲು ಕಾಲಕ್ಕಷ್ಟೇ ಸಾಧ್ಯವಿತ್ತು.

ಈ ನಡುವೆ 1986ರಲ್ಲಿ ರಿಡ್ಜ್‌ನ ಒಡೆತನ ಜಪಾನಿನ ಓತ್ಸುಕಾ ಕಂಪನಿಗೆ ಹೋಯಿತು. ವೈನ್ ಮಾಡುವ ಹೊಣೆ ಡ್ರೇಪರ್ ಅವರಲ್ಲೇ ಉಳಿಯಿತು. 2006ರಲ್ಲಿ, ಅದೇ ಮೇ 24ರಂದು, ಅವೇ ಸುಗ್ಗಿಗಳ ಕೆಂಪು ವೈನುಗಳನ್ನು ಲಂಡನ್ ಮತ್ತು ನಾಪಾದಲ್ಲಿ ಒಟ್ಟಿಗೆ ಮತ್ತೆ ಪರೀಕ್ಷಿಸಿದರು. ಎರಡೂ ಕಡೆಯ ಅಂಕಗಳನ್ನು ಕೂಡಿಸಿದಾಗ ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಾಕ್ಕೆ ಬಂದವು. ಎಲ್ಲಕ್ಕೂ ಮೇಲೆ ನಿಂತದ್ದು 35 ವರ್ಷ ಕಳೆದಿದ್ದ 1971ರ ಮಾಂಟೆ ಬೆಲ್ಲೊ.