ಮಕ್ಕಳ ಗೆಳೆತನ: ಹೆತ್ತವರು ತಿಳಿದಿರಬೇಕಾದ ಕೆಲವು ಸಂಗತಿಗಳು

ಮಕ್ಕಳ ಅಂಕಪಟ್ಟಿಯನ್ನು ಗಮನವಿಟ್ಟು ನೋಡುವ ನಾವು, ಶಾಲೆಯಲ್ಲಿ ಅವರು ಯಾರೊಡನೆ ಕುಳಿತು ಊಟದ ಡಬ್ಬಿ ತೆರೆಯುತ್ತಾರೆಂದು ಕೇಳುವುದು ವಿರಳ. ನಾಲ್ಕರಿಂದ ಏಳನೆಯ ತರಗತಿಯವರೆಗಿನ, ಅಂದರೆ ಸುಮಾರು 9ರಿಂದ 12 ವರ್ಷದ ಮಕ್ಕಳ ಪಾಲಿಗೆ ಈ ಪ್ರಶ್ನೆಯೂ ಅಷ್ಟೇ ಮುಖ್ಯವಾದುದು.

ಈ ವಯಸ್ಸಿನ ವಿಶೇಷ

ಚಿಕ್ಕ ಮಕ್ಕಳಿಗೆ ಜೊತೆಯಲ್ಲಿ ಆಡುವವರೆಲ್ಲರೂ ಗೆಳೆಯರೇ. ಒಂಬತ್ತು ದಾಟುತ್ತಿದ್ದಂತೆ ಗೆಳೆತನಕ್ಕೆ ನಂಬಿಕೆ, ಗುಟ್ಟು, ಮುನಿಸುಗಳು ಬಂದು ಸೇರುತ್ತವೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಗೋಲಿಯಾಟವನ್ನು ಅಧ್ಯಯನ ಮಾಡಿ 1932ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಆಟದ ನಿಯಮಗಳು ಹಿರಿಯರು ವಿಧಿಸಿದ ಕಟ್ಟಳೆಗಳಲ್ಲ, ಆಡುವವರು ಪರಸ್ಪರ ಒಪ್ಪಿ ಮಾಡಿಕೊಂಡವು ಎಂಬ ಅರಿವು ಮಕ್ಕಳಲ್ಲಿ ಕ್ರಮೇಣ ಮೂಡುವುದನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಅಮೆರಿಕದ ಮನೋವೈದ್ಯ ಹ್ಯಾರಿ ಸ್ಟ್ಯಾಕ್ ಸಲ್ಲಿವನ್ ಅವರು ಈ ಹಂತದಲ್ಲಿ ಒಬ್ಬ ಆಪ್ತ ಸ್ನೇಹಿತನಿರುವುದಕ್ಕೆ ವಿಶೇಷ ಮಹತ್ವ ನೀಡಿದ್ದರು. ಹತ್ತು ಮಂದಿಯ ಗುಂಪಿಗಿಂತ ಮನಬಿಚ್ಚಿ ಮಾತನಾಡಬಲ್ಲ ಒಬ್ಬರು ಸಾಕು.

ಹೊಸ ಊರು, ಹೊಸ ಭಾಷೆ

ವರ್ಗಾವಣೆಯ ನೌಕರಿಯಲ್ಲಿರುವವರ ಮಕ್ಕಳಿಗೆ ಇದು ಸುಲಭವಲ್ಲ. ನಾನು ಹುಬ್ಬಳ್ಳಿಯಿಂದ ಮುಂಬಯಿಗೆ ಬಂದಾಗ ನನ್ನ ಮಗಳು ಐದನೆಯ ತರಗತಿಯಲ್ಲಿದ್ದಳು. ಆಕೆ ತಿಂಗಳುಗಟ್ಟಲೆ ಒಬ್ಬಳೇ ಕುಳಿತು ಉಣ್ಣುತ್ತಿದ್ದುದು ನಮಗೆ ತಿಳಿದದ್ದು ದೀಪಾವಳಿಯ ರಜೆಯಲ್ಲಿ. ಅಲ್ಲಿಯವರೆಗೆ ನಾವು ಕೇಳಿರಲೇ ಇಲ್ಲ. ಕೆಳಗಿನ ಮಹಡಿಯ ಮರಾಠಿ ಹುಡುಗಿಯನ್ನು ಒಂದು ಭಾನುವಾರ ಮನೆಗೆ ಕರೆದು ಚೌಕಾಬಾರ ಹಾಸಿಕೊಟ್ಟೆವು. ಕವಡೆ ಎಸೆಯಲು ಭಾಷೆ ಅಡ್ಡಿಯಾಗಲಿಲ್ಲ.

ಹೆತ್ತವರು ಮಾಡಬಹುದಾದುದು

1. "ಇಂದು ಏನು ಕಲಿತೆ?" ಎಂಬುದರ ಜೊತೆಗೆ "ಯಾರೊಡನೆ ಆಡಿದೆ?" ಎಂದೂ ಕೇಳಿ.
2. ಸಂಜೆಯ ಸಮಯವೆಲ್ಲ ಟ್ಯೂಷನ್‌ಗೆ ಮೀಸಲಾಗದಿರಲಿ. ಕಟ್ಟಡದ ಆವರಣದಲ್ಲಿ ಆಡಲು ಬಿಡುವಿರಲಿ.
3. ಸಂಕೋಚದ ಮಗುವನ್ನು ದೊಡ್ಡ ಗುಂಪಿಗೆ ತಳ್ಳದೆ, ಒಬ್ಬರನ್ನು ಮಾತ್ರ ಮನೆಗೆ ಆಹ್ವಾನಿಸಿ.
4. ಸಣ್ಣ ಜಗಳಗಳಿಗೆ ನ್ಯಾಯಾಧೀಶರಾಗಬೇಡಿ. ಮಗುವಿನ ಮಾತನ್ನು ಪೂರ್ತಿ ಕೇಳಿ, "ಆಕೆಗೆ ಏನನ್ನಿಸಿರಬಹುದು?" ಎಂದಷ್ಟೇ ಕೇಳಿ.
5. ಅನ್ಯರ ಮಕ್ಕಳೊಡನೆ ಹೋಲಿಸಿ ಹೀಯಾಳಿಸಬೇಡಿ.

ಜಗಳವೇ, ಕಿರುಕುಳವೇ?

ಜಗಳದಲ್ಲಿ ಇಬ್ಬರೂ ಸಮಬಲರು, ನಾಳೆ ರಾಜಿಯಾಗುತ್ತಾರೆ. ಬಲಿಷ್ಠರು ದುರ್ಬಲರನ್ನು ಮತ್ತೆ ಮತ್ತೆ ನೋಯಿಸಿದರೆ ಅದು ಕಿರುಕುಳ. ಉಚ್ಚಾರಣೆಯನ್ನು ಅಣಕಿಸುವುದು, ಬೇಕೆಂದೇ ಗುಂಪಿನಿಂದ ಹೊರಗಿಡುವುದು ಕೂಡ ನಿತ್ಯದ ಮಾತಾದರೆ ಕಿರುಕುಳವೇ. ಆಗ ಹಿರಿಯರು ಸುಮ್ಮನಿರಬಾರದು. ದಿನಾಂಕ ಸಹಿತ ಬರೆದಿಟ್ಟುಕೊಂಡು ತರಗತಿಯ ಶಿಕ್ಷಕರನ್ನು ಕಾಣಬೇಕು. ಶಾಲೆಗೆ ಹೋಗಲು ಹಟ, ಕಾರಣವಿಲ್ಲದ ಹೊಟ್ಟೆನೋವು, ನಿದ್ರಾಭಂಗ ವಾರಗಟ್ಟಲೆ ಮುಂದುವರಿದರೆ ವೈದ್ಯರ ಸಲಹೆ ಅಗತ್ಯ. ಮಕ್ಕಳ ಸಹಾಯವಾಣಿ 1098 ಹಾಗೂ 2022ರಲ್ಲಿ ಆರಂಭವಾದ ಟೆಲಿ ಮಾನಸ್ 14416, ಇವೆರಡಕ್ಕೂ ಉಚಿತವಾಗಿ ಕರೆ ಮಾಡಬಹುದು.

ಗೆಳೆಯರನ್ನು ನಾವು ಸಂಪಾದಿಸಿಕೊಡಲಾರೆವು. ಅವರು ಬಂದು ಕೂರಲು ಮನೆಯಲ್ಲೊಂದು ಚಾಪೆ ಹಾಸಿಡಬಲ್ಲೆವು.